ಮಗಳಿಗೊಂದು ಪತ್ರ: ಶ್ರೀರಂಗಪಟ್ಟಣದ ಬೋರ್ಡು

ಮಂಡ್ಯ

ಪುಟ್ಟೀ,

ಸಾಲುಗಳ ನಡುವೆ ಜಾಗ ಬಿಟ್ಟು ದಪ್ಪಕ್ಷರದಲ್ಲಿ ಬರೆದಿದ್ದೇನೆ. ಒಂದೇ ಸಲಕ್ಕೆ ಓದಿ ಮುಗಿಸಬೇಕಿಲ್ಲ.

ನನಗೆ ಡಿಸ್ಲೆಕ್ಸಿಯಾ (ಓದು-ಬರಹಕ್ಕೆ ತೊಡಕಾಗುವ ಕಲಿಕಾ ನ್ಯೂನತೆ) ಅಂತ ಕಾಲೇಜಿಗೆ ಬಂದಮೇಲೆ ಗೊತ್ತಾಗಬೇಕಿತ್ತಾ ಅಂತ ನೀನು ಕೇಳಿದ್ದೆ. ಅದನ್ನು ಮುಚ್ಚಿಟ್ಟಿದ್ದು ಬಾಯಿಪಾಠ. ಕನ್ನಡದ 34 ವ್ಯಂಜನಕ್ಕೂ ಕಾಗುಣಿತ ಸೇರಿದರೆ ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ. ಎಲ್ಲ ಮಕ್ಕಳೂ ನಿಧಾನವಾಗೇ ಕಲಿಯುವುದರಿಂದ ಒಬ್ಬರು ಹಿಂದೆ ಬಿದ್ದದ್ದು ಬೇಗ ಕಾಣುವುದಿಲ್ಲ. ಚುರುಕು ಮಗುವಾದರೆ ಪಾಠ ಕೇಳಿಸಿಕೊಂಡೇ ನೆನಪಿಟ್ಟು, ಸಾಲಿನ ಮೇಲೆ ಬೆರಳಾಡಿಸುತ್ತಾ ಒಪ್ಪಿಸಿಬಿಡುತ್ತದೆ. ನಡುವಿನ ಒಂದು ಪದಕ್ಕೆ ಬೆರಳಿಟ್ಟು ಕೇಳಿದರೆ ಸಿಕ್ಕಿಬೀಳುತ್ತದೆ, ಕೇಳುವವರು ಯಾರು? ತಪ್ಪಿದ್ದನ್ನು ನೂರು ಸಲ ಬರೆಸಿದ್ದೂ ದಂಡ. ಕೈ ಚಿತ್ರ ಬಿಡಿಸಿದ ಹಾಗೆ ನಕಲು ಮಾಡುತ್ತದೆ, ಸದ್ದು ಅಕ್ಷರಕ್ಕೆ ಅಂಟುವುದಿಲ್ಲ.

ಮೈಸೂರು ಬಸ್ಸಿನ ಬೋರ್ಡಿನಲ್ಲಿ ‘ಶ್ರೀರಂಗಪಟ್ಟಣ’ ನೋಡು. ಕಣ್ಣಿಗೆ ಮೊದಲು ಸಿಗುವುದು ‘ಶೀ’, ಆಮೇಲೆ ಕೆಳಗಿನ ರ-ಒತ್ತು. ನಾಲಿಗೆಗೆ ಬೇಕಾದದ್ದು ಶ್, ರ್, ಈ. ದೀರ್ಘ ಮೇಲಿನ ಅಕ್ಷರಕ್ಕೆ ಅಂಟಿಕೊಂಡಿದ್ದರೂ ಸದ್ದು ಒತ್ತಿನ ನಂತರ ಬರುತ್ತದೆ. ‘ಶೀರ’ ಅಂತ ಓದಿಬಿಡುವುದು ಅದಕ್ಕೇ, ಬೇಜವಾಬ್ದಾರಿಯಿಂದಲ್ಲ. ಅರ್ಕಾವತ್ತು ಇನ್ನೂ ತಲೆಹರಟೆ: ‘ಸೂರ್ಯ’ದಲ್ಲಿ ‘ಯ’ ಬರೆದಾದ ಮೇಲೆ ಕೊಕ್ಕೆ ಹಾಕುತ್ತೇವೆ, ಉಚ್ಚಾರದಲ್ಲಿ ‘ರ್’ ಮೊದಲು.

ಅದಕ್ಕೆ ಮೆಟ್ಟಿಲು ಹೀಗಿರಲಿ. ಮೊದಲು ಸಜಾತಿ ಒತ್ತು: ಕಿಕ್ಕೇರಿ, ಮದ್ದೂರು. ಆಮೇಲೆ ವಿಜಾತಿ: ಮಂಡ್ಯ. ಮೂರನೆಯದಾಗಿ ವಿಜಾತಿ ಒತ್ತಿಗೆ ಸ್ವರಚಿಹ್ನೆ ಕೂಡಿದ್ದು: ಶ್ರೀ, ಪ್ರೀತಿ. ಅರ್ಕಾವತ್ತು ಕೊನೆಗೆ. ಒಂದು ಮೆಟ್ಟಿಲಿನಲ್ಲಿ ಹತ್ತಕ್ಕೆ ಒಂಬತ್ತು ತಡವರಿಸದೆ ಬಂದರೆ ಮಾತ್ರ ಮುಂದಕ್ಕೆ.

ದಿನಕ್ಕೆ 15 ನಿಮಿಷ ಸಾಕು. ಹತ್ತು ಪದ: ಏಳು ಹಳೆಯವು, ಮೂರು ಹೊಸವು. ಮೇಲಿನ ಅಕ್ಷರ ನೀಲಿಯಲ್ಲಿ, ಒತ್ತು ಕೆಂಪಿನಲ್ಲಿ, ಸ್ವರಚಿಹ್ನೆ ಹಸಿರಿನಲ್ಲಿ ಬರೆ. ನೀಲಿ, ಕೆಂಪು, ಹಸಿರು, ಅದೇ ಕ್ರಮದಲ್ಲಿ ಸದ್ದು ಬಿಡಿಸಿ ಹೇಳು (ಅರ್ಕಾವತ್ತಿಗೆ ಮಾತ್ರ ಕೆಂಪು ಮೊದಲು), ಆಮೇಲೆ ಕೂಡಿಸು. ಕೊನೆಗೆ ಮುಚ್ಚಿಟ್ಟು, ಹೇಳುತ್ತಾ ಒಮ್ಮೆ ಬರೆ. ಬಾಯಿ ಸುಮ್ಮನಿದ್ದರೆ ಮತ್ತೆ ನೂರು ಸಲ ಬರೆದ ಕಥೆಯೇ. ಬಣ್ಣಕ್ಕೆ ಒಗ್ಗಿಕೊಳ್ಳಬಾರದು, ಎರಡು ವಾರಕ್ಕೆ ಒಂದೇ ಪೆನ್ನಿಗೆ ಬಾ.

ಪಠ್ಯಪುಸ್ತಕದ ದಾರಿ ಬೇರೆ. ಫೋನಿನಲ್ಲಿ ಓದಿಸಿ ಒಂದು ಪ್ಯಾರಾ ಕೇಳು, ಆಮೇಲೆ ನೀನು ಓದು. ಸಾಲು ತಪ್ಪಿದರೆ ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಒಂದೇ ಸಾಲು ಕಾಣುವಷ್ಟು ಕಿಂಡಿ ಕತ್ತರಿಸಿಕೋ. ‘ಥ’, ‘ಧ’ ಗೊಂದಲಕ್ಕೆ ಒಂದು ವಾರ ‘ಥ’ ಮಾತ್ರ ಕಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಕಲಿತರೆ ಇನ್ನಷ್ಟು ಕಲಸಿಹೋಗುತ್ತವೆ.

ಪರೀಕ್ಷೆಯ ವಿಷಯ ಸಂಕೋಚ ಬಿಟ್ಟು ಕೇಳು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಇದೆ. ಪ್ರಮಾಣಪತ್ರದಲ್ಲಿ ನ್ಯೂನತೆ ಶೇ 40 ಅಥವಾ ಹೆಚ್ಚಿದ್ದರೆ, ಕೇಂದ್ರದ 2018ರ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಇತ್ತು, ಅಂದರೆ ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ. ಈಗಿನ ನಿಯಮ ಕೇಳಿಕೊಂಡು, ಪರೀಕ್ಷೆಯ ಅರ್ಜಿ ತುಂಬುವಾಗಲೇ ಪ್ರಿನ್ಸಿಪಾಲರಿಗೆ ಬರೆದುಕೊಡು. ತಪಾಸಣೆಗೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗುವಾಗ ಹಳೆಯ ನೋಟ್‌ಬುಕ್ ಎರಡು ತಗೊಂಡು ಹೋಗು, ಚಿತ್ತಾಗಿರುವವನ್ನೇ ಆರಿಸು.

ನಾಳೆಗೆ: ಅಕ್ಕ, ಹಳ್ಳಿ, ಬೆಲ್ಲ, ಮದ್ದೂರು, ಬನ್ನೂರು, ಕಿಕ್ಕೇರಿ, ಮಳವಳ್ಳಿ. ಹೊಸವು: ಮಂಡ್ಯ, ಪುಸ್ತಕ, ಹಬ್ಬ. ‘ಹಬ್ಬ’ ಸಜಾತಿಯೇ, ನಡುವೆ ಸ್ವಲ್ಪ ಉಸಿರಾಡಲಿ ಅಂತ ಹಾಕಿದ್ದೇನೆ.

ಇಂತಿ,
ಅಮ್ಮ