ದೊಡ್ಡವರು ಬಾಳದ ಮನೆಗೂ ಬೆಲೆ ಇದೆ

ಮಾನ್ಯ ಸಂಪಾದಕರೇ,

ಬಸವನಗುಡಿಯ ನಮ್ಮ ಬೀದಿಯಲ್ಲಿ ಇನ್ನೊಂದು ಹಳೇ ಬಂಗಲೆ ಕೆಡವಲು ತಯಾರಿ ನಡೆದಿದೆ. ಕಾಂಪೌಂಡಿಗೆ ಆಗಲೇ ತಗಡು ಹೊಡೆದಿದ್ದಾರೆ. ಪೋರ್ಟಿಕೊ ಮೇಲೆ ಗಾರೆಯಲ್ಲಿ ಬರೆದ 1934 ಎಂಬ ಇಸವಿ ತಗಡಿನ ಮೇಲಿಂದ ಇನ್ನೂ ಕಾಣುತ್ತದೆ. ಇದನ್ನು ಉಳಿಸಿಕೊಳ್ಳಲು ಆಗುವುದಿಲ್ಲವೇ ಎಂದು ಅಕ್ಕಪಕ್ಕದವರನ್ನು ಕೇಳಿದೆ. "ಅಲ್ಲಿ ಯಾರು ದೊಡ್ಡವರು ಇದ್ದರು? ಸುಮ್ನೆ ಒಂದು ಹಳೇ ಮನೆ, ಅಷ್ಟೇ" ಎಂದರು. ಈ ಮಾತು ಊರಲ್ಲೆಲ್ಲ ಕೇಳಿಬರುತ್ತದೆ. ಅದಕ್ಕೇ ಈ ಪತ್ರ.

ದೊಡ್ಡವರು ಯಾರೂ ಇರಲಿಲ್ಲ, ನಿಜ. ಕಟ್ಟಿಸಿದವರು ಸರ್ಕಾರಿ ನೌಕರಿಯಲ್ಲಿದ್ದವರು. ನನ್ನ ಪ್ರಕಾರ ಆ ಮನೆಯ ಬೆಲೆ ಇರುವುದೇ ಅಲ್ಲಿ. ಅರಮನೆ ನೋಡಿದರೆ ರಾಜರು ಹೇಗಿದ್ದರು ಅಂತ ಗೊತ್ತಾಗುತ್ತದೆ. ದಂಡು ಪ್ರದೇಶದ ಬಂಗಲೆ ನೋಡಿದರೆ ಇಂಗ್ಲಿಷರು ಹೇಗಿದ್ದರು ಅಂತ ಗೊತ್ತಾಗುತ್ತದೆ. ಸಂಬಳದಲ್ಲಿ ಬದುಕಿದ ಗುಮಾಸ್ತರು, ಮೇಷ್ಟ್ರು, ವಕೀಲರು, ಓವರ್‌ಸಿಯರ್‌ಗಳು ಹೇಗಿದ್ದರು ಅಂತ ತಿಳಿಯಬೇಕಾದರೆ ಎಲ್ಲಿ ಹೋಗಿ ನೋಡಬೇಕು? ಮೊದಲ ಮಹಾಯುದ್ಧ ಮುಗಿದು ಎರಡನೆಯದು ಶುರುವಾಗುವುದರೊಳಗೆ ಬಸವನಗುಡಿ, ಮಲ್ಲೇಶ್ವರ, ಶಂಕರಪುರ, ವಿಶ್ವೇಶ್ವರಪುರಗಳಲ್ಲಿ ಎದ್ದ ಇಂಥ ಮನೆಗಳಲ್ಲೇ ಅಲ್ವಾ?

ಇವುಗಳ ಹಿಂದೆ ಒಂದು ದೊಡ್ಡ ಪಾಠವೂ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಮನೆಗಳಲ್ಲಿ ಜನ ಸತ್ತರು. ಆ ಹೊತ್ತಿಗೆ ರೂಪುಗೊಳ್ಳುತ್ತಿದ್ದ ಬಸವನಗುಡಿ, ಮಲ್ಲೇಶ್ವರಗಳು ಗಾಳಿ ಬೆಳಕಿನ ಬಡಾವಣೆಗಳಾಗಿ ಬೆಳೆದವು. ಅಗಲ ರಸ್ತೆ, ಮನೆಗೂ ಮನೆಗೂ ನಡುವೆ ಜಾಗ, ಹಿಂದುಗಡೆ ಕಸ, ಮಲ ಸಾಗಿಸಲು ಕನ್ಸರ್ವೆನ್ಸಿ ಓಣಿ. ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ಮನೆ ಕಟ್ಟಿಸಿದವರೂ ಆ ಪಾಠ ಮರೆತಿರಲಿಲ್ಲ. ಸೈಟಿನ ತುಂಬ ಕಟ್ಟದೆ ಸುತ್ತ ಮಣ್ಣು ಬಿಟ್ಟರು. ಸಂಪಿಗೆ, ಹಲಸು, ತೆಂಗು ಹಾಕಿದರು. ಇವತ್ತು ಬಸವನಗುಡಿ ತಂಪು ಅಂತ ಹೊಗಳುತ್ತೇವಲ್ಲ, ಅದರಲ್ಲಿ ಪಾರ್ಕುಗಳ ಪಾಲು ಎಷ್ಟಿದೆಯೋ ಈ ಕಾಂಪೌಂಡುಗಳ ಪಾಲೂ ಅಷ್ಟೇ ಇದೆ. ಬಂಗಲೆ ಹೋದರೆ ಅದರ ಜೊತೆ ಮರ ಹೋಗುತ್ತದೆ, ಮಳೆನೀರು ಇಂಗುವ ನೆಲ ಹೋಗುತ್ತದೆ. ಉಳಿಯುವುದು ಗೋಡೆಯಿಂದ ಗೋಡೆಗೆ ಕಾಂಕ್ರೀಟು, ಕೆಳಗೆ ಕಾರು ನಿಲ್ಲಿಸುವ ಜಾಗ.

ಆ ಮನೆಯೊಳಗೆ ನಾನು ಚಿಕ್ಕಂದಿನಿಂದ ಓಡಾಡಿದವನು. ಕಿಟಕಿಗಳ ಮೇಲೆ ಮಂಕಿ ಟಾಪ್ ಇದೆ. ತೆಳ್ಳಗಿನ ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿ, ಪ್ರತಿಯೊಂದರ ತುದಿಯನ್ನೂ ಚೂಪಾಗಿ ಕೊರೆದಿದ್ದಾರೆ. ಬಿಸಿಲೂ ಎರಚಲೂ ಒಳಗೆ ಬರಲ್ಲ, ಗಾಳಿ ಮಾತ್ರ ಬರುತ್ತದೆ. ಗೋಡೆಗಳು ಸುಣ್ಣದ ಗಾರೆಯಲ್ಲಿ ಕಟ್ಟಿದ ದಪ್ಪ ಗೋಡೆಗಳು. ಛಾವಣಿ ಹತ್ತಿರ ವೆಂಟಿಲೇಟರ್, ಅದನ್ನು ತೆರೆದು ಮುಚ್ಚಲು ಕೆಳಗೆ ಇಳಿಬಿಟ್ಟ ಹಗ್ಗ. ಬಿಸಿಗಾಳಿ ಮೇಲಿಂದ ಹೊರಟುಹೋಗುತ್ತದೆ, ಜಗಲಿ ಕಡೆಯಿಂದ ತಣ್ಣನೆ ಗಾಳಿ ಬರುತ್ತದೆ. ಏಪ್ರಿಲ್ ಮಧ್ಯಾಹ್ನದಲ್ಲೂ ಆ ಹಜಾರದಲ್ಲಿ ಫ್ಯಾನ್ ಇಲ್ಲದೆ ಮಲಗಬಹುದು. ಹೊಸ ಅಪಾರ್ಟ್‌ಮೆಂಟಿನಲ್ಲಿ ಎ.ಸಿ. ಇಲ್ಲದೆ ಇದು ಸಾಧ್ಯವೇ?

ಇನ್ನು ನೆಲ. ರೆಡ್ ಆಕ್ಸೈಡ್ ಪುಡಿಯನ್ನು ಸಿಮೆಂಟಿಗೆ ಕಲಸಿ, ಹಸಿಯಿರುವಾಗಲೇ ಕರಣೆಯಿಂದ ತೀಡಿ ತೀಡಿ ನುಣುಪು ತಂದದ್ದು. ಇಷ್ಟು ವರ್ಷ ತುಳಿದು, ಒರೆಸಿ, ಅದಕ್ಕೆ ಈಗ ಕನ್ನಡಿಯ ಹೊಳಪು ಬಂದಿದೆ. ಅಡುಗೆಮನೆ ಹೊಸ್ತಿಲ ಬಳಿ ಮಾತ್ರ ಬಣ್ಣ ಸ್ವಲ್ಪ ಮಾಸಿದೆ. ಇಂಥ ನೆಲ ಹಾಕಬಲ್ಲ ಗಾರೆಯವರನ್ನು ಈಗ ಹುಡುಕಿ ನೋಡಿ. ಒಡೆದು ಹಾಕಿದರೆ ಮತ್ತೆ ಮಾಡಿಸಿಕೊಳ್ಳಲು ಕೈಗಳೇ ಸಿಗಲ್ಲ. ಹಿಂಭಾಗದ ಮಾಡಿಗೆ ಹೊದಿಸಿರುವುದು ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಆ ಉದ್ಯಮ ಹೇಗೆ ಬೆಂಗಳೂರಿನ ಗುಮಾಸ್ತರ ಮನೆಯವರೆಗೂ ಬಂತು ಎಂಬುದಕ್ಕೆ ಆ ಮಾಡೇ ಸಾಕ್ಷಿ.

ಕಾನೂನಿನ ಮಾತಿಗೆ ಬರೋಣ. 1958ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರಾಚೀನ ಸ್ಮಾರಕ ಎನ್ನಿಸಿಕೊಳ್ಳಲು ಕಟ್ಟಡಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. ನಮ್ಮ ಬೀದಿಯ ಮನೆಗೆ ನೂರು ತುಂಬುವುದು 2034ರಲ್ಲಿ. ಅಲ್ಲಿಯವರೆಗೆ ಉಳಿದರೆ ತಾನೆ? ಉಳಿದರೂ, ಸಾಮಾನ್ಯರ ಮನೆ ಆ ಕಾಯ್ದೆಯ ಕಣ್ಣಿಗೆ ಬೀಳುವುದು ಕಷ್ಟ. ಇದು ಸ್ಮಾರಕಗಳ ಇಲಾಖೆಯಿಂದ ಆಗುವ ಕೆಲಸ ಅಲ್ಲ, ಊರಿನ ಆಡಳಿತವೇ ಮಾಡಬೇಕಾದ ಕೆಲಸ.

ಮುಂಬೈ ಮಾಡಿ ತೋರಿಸಿದೆ. ಅಲ್ಲಿ 1995ರಲ್ಲೇ ಪಾರಂಪರಿಕ ಕಟ್ಟಡಗಳಿಗೆ ನಿಯಮ ತಂದು, ಪಟ್ಟಿ ಮಾಡಿ ದರ್ಜೆ ಕೊಟ್ಟರು. ಓವಲ್ ಮೈದಾನದ ಪಕ್ಕದ 1930ರ ದಶಕದ ಆರ್ಟ್ ಡೆಕೊ ಶೈಲಿಯ ಕಟ್ಟಡಗಳು 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳಲ್ಲಿ ಎಷ್ಟೋ ಮಟ್ಟಿಗೆ ವಾಸದ ಮನೆಗಳೇ. ಇವತ್ತಿಗೂ ಜನ ಅಲ್ಲಿ ಬಟ್ಟೆ ಒಣಹಾಕಿಕೊಂಡು ಬದುಕುತ್ತಿದ್ದಾರೆ. ನಮ್ಮ 1934ರ ಮನೆಯೂ ಅದೇ ದಶಕದ್ದು.

ನಮ್ಮಲ್ಲಿ ಮನೆ ಉಳಿದ ಉದಾಹರಣೆ ಇಲ್ಲವೆಂದಲ್ಲ. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಹೊರಟಿದ್ದರು. ಜನ ಎದ್ದು ನಿಂತರು, ಕೆಲಸ ನಿಂತಿತು, 2016ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಬಹಳ ಸಂತೋಷ. ಆದರೆ ಅದನ್ನು ಉಳಿಸಿದ್ದು ಅವರ ಹೆಸರು. ಹೆಸರಿಲ್ಲದ ಮನೆಗಳ ಪರವಾಗಿ ಯಾರು ಎದ್ದು ನಿಲ್ಲಬೇಕು?

ಮಾಲೀಕರನ್ನು ನಾನು ದೂರುವುದಿಲ್ಲ. ಅವರ ಕಷ್ಟ ಕಣ್ಣಾರೆ ಕಂಡಿದ್ದೇನೆ. ವಯಸ್ಸಾದವರು ಒಬ್ಬರೇ ಇರುತ್ತಾರೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಆಳು ಸಿಗಲ್ಲ. ಗೆದ್ದಲು ಹತ್ತುತ್ತದೆ. ಮಕ್ಕಳು ಅಮೆರಿಕದಲ್ಲೋ ಪುಣೆಯಲ್ಲೋ ಇರುತ್ತಾರೆ. ಅಣ್ಣತಮ್ಮಂದಿರು, ಅಕ್ಕತಂಗಿಯರಿಗೆಲ್ಲ ಭಾಗ ಆಗಬೇಕು. ಒಂದು ಮನೆಯನ್ನು ಐದು ಭಾಗ ಮಾಡುವುದು ಹೇಗೆ? ಬಿಲ್ಡರ್ ಬಂದು ಐದು ಫ್ಲ್ಯಾಟ್ ಕೊಡ್ತೀನಿ ಅಂದರೆ ಒಪ್ಪದೆ ಏನು ಮಾಡುತ್ತಾರೆ? ಅವರಿಗೆ ಬುದ್ಧಿ ಹೇಳುವ ಬದಲು, ಉಳಿಸಿಕೊಂಡರೂ ನಷ್ಟ ಆಗದಂತೆ ನಾವು ದಾರಿ ಮಾಡಿಕೊಡಬೇಕು.

ಅದಕ್ಕೆ ಪಾಲಿಕೆಯವರಲ್ಲಿ ನನ್ನ ಮನವಿ ಇದು. ಬೀದಿ ಬೀದಿ ಸುತ್ತಿ ಇಂಥ ಮನೆಗಳ ಪಟ್ಟಿ ಮಾಡಿ. ಪರಂಪರೆ ಉಳಿಸಲು ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕದವರು ವರ್ಷಗಳಿಂದ ಹಳೇ ಕಟ್ಟಡಗಳನ್ನು ದಾಖಲಿಸುತ್ತಿದ್ದಾರೆ, ಅವರ ನೆರವು ತೆಗೆದುಕೊಳ್ಳಿ. ಉಳಿಸಿಕೊಂಡವರಿಗೆ ಆಸ್ತಿ ತೆರಿಗೆ ಇಳಿಸಿ. ಕಟ್ಟದೆ ಬಿಟ್ಟ ಮಹಡಿಗಳ ಹಕ್ಕನ್ನು ಬೇರೆ ಕಡೆ ಮಾರಿಕೊಳ್ಳಲು ಟಿ.ಡಿ.ಆರ್. ಎಂಬ ಪ್ರಮಾಣಪತ್ರ ಕೊಡಿ, ಅದೂ ವರ್ಷಗಟ್ಟಲೆ ಅಲೆಸದೆ. ಕ್ಲಿನಿಕ್ಕು, ಸಂಗೀತ ಶಾಲೆ, ಕಾಫಿ ಅಂಗಡಿ ಮಾಡಿಕೊಳ್ಳುತ್ತೇವೆ ಎಂದರೆ, ರೂಪ ಕೆಡಿಸದಿದ್ದರೆ, ಸುಲಭವಾಗಿ ಅನುಮತಿ ಕೊಡಿ.

ಕೆಡವುವುದು ತಪ್ಪದ ಮನೆಗಳಿಗೂ ಒಂದು ನಿಯಮ ಬೇಕು. ಹೊಸ ನಕ್ಷೆ ಮಂಜೂರು ಮಾಡುವ ಮುಂಚೆ ಹಳೇ ಮನೆಯ ಅಳತೆ, ಫೋಟೊ, ನಕ್ಷೆ ಪಾಲಿಕೆಗೆ ಸಲ್ಲಿಕೆಯಾಗಬೇಕು. ಕೆಡವುತ್ತೇವೆ ಎಂಬ ನೋಟಿಸ್ ಒಂದು ತಿಂಗಳು ಮೊದಲೇ ಗೇಟಿನ ಮೇಲೆ ಇರಬೇಕು. ನಮ್ಮ ಬೀದಿಯ ಮನೆಗೆ ಜೆಸಿಬಿ ಇನ್ನೂ ಬಂದಿಲ್ಲ. ಸಂಬಂಧಪಟ್ಟ ಅಧಿಕಾರಿಗಳು ಈ ವಾರವೇ ಬಂದು ಒಮ್ಮೆ ಒಳಗೆ ನೋಡಲಿ, ಮಾಲೀಕರ ಜೊತೆ ಕೂತು ಮಾತಾಡಲಿ ಎಂದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಬಸವನಗುಡಿಯ ಓದುಗ, ಬೆಂಗಳೂರು