ಕುರ್ಚಿಯಲ್ಲಿ ಕುಂತವರನ್ನೇ ಕೇಳಿರಿ: ಯಾದಗಿರಿ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಈ ಜಿಲ್ಲೆಯ ಸರಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಹೆರಿಗೆ ಕೋಣೆಯಲ್ಲೇ ಅರ್ಧ ಆಯುಷ್ಯ ಕಳೆಯಿತು. ಅಲ್ಲಿನ ಒಂದು ರಾತ್ರಿಯ ಸಂಗತಿಯನ್ನು ತಮ್ಮ ಮುಂದಿಡಬೇಕಿದೆ.

ತೊಗರಿ ಕಟಾವಿನ ದಿನಗಳು. ಹೊಲದಿಂದಲೇ ಬಂದ ಹೆಣ್ಣುಮಗಳಿಗೆ ಹೆರಿಗೆಯಾಯಿತು, ಕೂಸು ಅತ್ತಿತು, ರಕ್ತ ಮಾತ್ರ ನಿಲ್ಲಲಿಲ್ಲ. ಮೊದಲೇ ರಕ್ತಹೀನತೆ ಬೇರೆ. ರಕ್ತ ನಿಲ್ಲಲೆಂದು ಆಕ್ಸಿಟೋಸಿನ್ ಔಷಧ ಕೊಟ್ಟಾಗಿತ್ತು. ನಮ್ಮ ವೈದ್ಯಾಧಿಕಾರಿ ಮೇಡಂ ಗರ್ಭಕೋಶವನ್ನು ಕೈಯಿಂದ ಒತ್ತಿ ಹಿಡಿದುಕೊಂಡೇ, "ಕಲಬುರಗಿಗೆ ಒಯ್ಯಬೇಕು, ಈಗಲೇ" ಅಂದರು. ಆಸ್ಪತ್ರೆಯ ಪೂರ್ತಿ ಹೊಣೆ ಅವರದೇ. ಹೊರಗೆ ನಿಂತಿದ್ದ ಮನೆಯವರು ನನ್ನನ್ನು ಕೇಳಿದ್ದು, "ಸಾಹೇಬ್ರು ಎಲ್ಲಿ ಹಾರ್ರಿ? ಅವರೊಂದು ಮಾತು ಹೇಳ್ಲಿ." ಅವರೇ ಸಾಹೇಬರು ಅಂದೆ. ನಂಬಲಿಲ್ಲ. ಊರ ಹಿರಿಯರೊಬ್ಬರಿಗೆ ಫೋನ್ ಹೋಯಿತು. ಅವರು ನಮ್ಮ ಫಾರ್ಮಾಸಿಸ್ಟರಿಗೆ ಫೋನ್ ಹಚ್ಚಿ, "ಡಾಕ್ಟರಮ್ಮ ಹೇಳೋದು ಖರೇ ಏನು?" ಎಂದು ವಿಚಾರಿಸಿದರು. ಮಾತ್ರೆ ಕೊಡುವ ಗಂಡಸು "ಖರೇ ಅದ" ಅಂದ ಮೇಲೆ 108 ಹೊರಟಿತು. ಅಷ್ಟರಲ್ಲಿ 20 ನಿಮಿಷ ಹೋಗಿದ್ದವು. ಪುಣ್ಯಕ್ಕೆ ಆ ತಾಯಿ ಉಳಿದಳು.

ಮನೆಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ದೊಡ್ಡವರನ್ನು ನೋಡಿ ಕಲಿತದ್ದು ಅದು. ಆಸ್ಪತ್ರೆ ನೋಡಲು ಬಂದ ಮುಖಂಡರು ಮೇಡಂ ಎದುರಿಗೇ ಕುಂತು, ಹಾವಿನ ವಿಷಕ್ಕೆ ಇಂಜೆಕ್ಷನ್ ಎಷ್ಟಿವೆ ಎಂದು ಪಕ್ಕದಲ್ಲಿ ನಿಂತ ಗುಮಾಸ್ತರನ್ನು ಕೇಳುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಬಾಗಿಲಲ್ಲಿ ಚೀಟಿ ಹಿಡಿದು ನಿಂತ ಜನವೂ ಅದನ್ನು ಕಾಣುತ್ತಿತ್ತು.

ಆಶಾ ಕಾರ್ಯಕರ್ತೆಯರಿಂದ ಹಿಡಿದು ವಾರ್ಡಿನ ಸಿಸ್ಟರ್‌ಗಳವರೆಗೆ ಈ ಇಲಾಖೆಯನ್ನು ಹೊತ್ತವರು ಹೆಂಗಸರು. ಜಗತ್ತಿನ ಆರೋಗ್ಯ ಕೆಲಸಗಾರರಲ್ಲಿ ಶೇ 70ರಷ್ಟು ಮಹಿಳೆಯರು, ಮೇಲಿನ ಹುದ್ದೆಗಳಲ್ಲಿ ಮಾತ್ರ ಶೇ 25 ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿತ್ತು. 1947ರಲ್ಲಿ ಸ್ವತಂತ್ರ ಭಾರತದ ಮೊದಲ ಆರೋಗ್ಯ ಮಂತ್ರಿಯಾದವರು ರಾಜಕುಮಾರಿ ಅಮೃತ್ ಕೌರ್. ಇಷ್ಟು ವರ್ಷಗಳಾದರೂ ನಮ್ಮ ಕಡೆ ಆಸ್ಪತ್ರೆ ನಡೆಸುವ ವೈದ್ಯೆ "ನಾನೇ ಇಲ್ಲಿಯ ಅಧಿಕಾರಿ" ಎಂದು ದಿನಾ ಹೇಳಿಕೊಳ್ಳಬೇಕಾಗಿದೆ.

ನಾನು ಕೇಳುವುದು ತಮ್ಮ ಕೈಯಲ್ಲೇ ಇದೆ. ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ತಾಯಿ ಮರಣದ ಲೆಕ್ಕ ಬಂದಾಗ ಆಯಾ ಆಸ್ಪತ್ರೆಯ ವೈದ್ಯೆಯನ್ನೇ ಎಬ್ಬಿಸಿ ಕೇಳಿರಿ, ಆಕೆಯ ಉತ್ತರ ಮುಗಿಯುವ ತನಕ ಯಾರೂ ನಡುವೆ ಬಾಯಿ ಹಾಕದಂತೆ ನೋಡಿರಿ. ಆಸ್ಪತ್ರೆಗೆ ಬಂದಾಗ ಹೊರಗೆ ಕುಂತ ಜನಕ್ಕೆ, "ಇಲ್ಲಿಯ ಸಾಹೇಬರು ಇವರೇ" ಎಂದು ತೋರಿಸಿರಿ.

ಇನ್ನೊಂದು. ಆ ರಾತ್ರಿಯ ಮೇಡಂ ಹಾಜರಿ ಪುಸ್ತಕ ಬಿಗಿ ಮಾಡಿದ್ದರು. "ಬಿರುಸು ಹೆಣ್ಣುಮಗಳು, ಹೊಂದಿಕೊಂಡು ಹೋಗಂಗಿಲ್ಲ" ಎಂಬ ದೂರು ಮೇಲಕ್ಕೆ ಹೋಯಿತು, ವರ್ಗವಾಯಿತು. ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅಂಥ ದೂರು ಹಿಡಿದು ತಮ್ಮ ಬಳಿಗೂ ಜನ ಬರುತ್ತಾರೆ. ಸಹಿ ಹಾಕುವ ಮೊದಲು ಆ ವೈದ್ಯೆಗೆ ತಾವೇ ಒಂದು ಫೋನ್ ಹಚ್ಚಿರಿ.

ಇಂತಿ,
ಯಾದಗಿರಿ ಜಿಲ್ಲೆಯ ಒಬ್ಬ ನಿವೃತ್ತ ಶುಶ್ರೂಷಕಿ