ಲೆಕ್ಕದ ತಂತ್ರಾಂಶ ವಿಂಡೋಸ್‌ಗೆ ಮಾತ್ರ ಏಕೆ?

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲದ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳಲು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಸಾಕಷ್ಟು ಹೊಸ ಪ್ರೊಸೆಸರ್ ಬೇಕಾಗಿರುವುದರಿಂದ, ರಾಯಚೂರಿನ ರಾಜೇಂದ್ರ ಗಂಜ್‌ನ ದಲಾಲಿ ಅಂಗಡಿಗಳಲ್ಲಿ, ಸಿಂಧನೂರು, ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ ವರ್ಷಗಟ್ಟಲೆ ದುಡಿದ ಕಂಪ್ಯೂಟರುಗಳಲ್ಲಿ ಅನೇಕವು ಅದಕ್ಕೆ ಒಗ್ಗುವುದಿಲ್ಲ. ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿದರೆ ಅವೇ ಯಂತ್ರಗಳು ಇನ್ನೂ ಕೆಲವು ವರ್ಷ ಸಲೀಸಾಗಿ ನಡೆದಾವು. ಆದರೂ ಮಾಲೀಕರು ಹಿಂದೇಟು ಹಾಕುತ್ತಾರೆ; ರೈತರಿಗೆ ಮಾರಾಟದ ಲೆಕ್ಕದ ಪಟ್ಟಿ ಮಾಡಿಕೊಡುವ ತಂತ್ರಾಂಶ ವಿಂಡೋಸ್ ಬಿಟ್ಟರೆ ಬೇರೆಲ್ಲೂ ಓಡುವುದಿಲ್ಲ ಎಂಬುದೇ ಅದಕ್ಕೆ ಕಾರಣ.

ಇದು ತಂತ್ರಜ್ಞಾನದ ಮಿತಿಯಲ್ಲ, ತಂತ್ರಾಂಶ ಬರೆದವರ ಆಯ್ಕೆ. ಒಂದೇ ಮೂಲ ಸಂಕೇತದಿಂದ (ಸೋರ್ಸ್ ಕೋಡ್) ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ತಂತ್ರಾಂಶ ಕಟ್ಟಿಕೊಡುವ ಚೌಕಟ್ಟುಗಳು ಬಂದು ಬಹಳ ಕಾಲವಾಯಿತು. ನಾರ್ವೆಯಲ್ಲಿ ಹುಟ್ಟಿದ ಅಂಥದೊಂದು ಚೌಕಟ್ಟಾದ ಕ್ಯೂಟಿ ಮೊದಲು ಸಾರ್ವಜನಿಕರ ಕೈಗೆ ಬಂದದ್ದು 1995ರಲ್ಲಿ. 2009ರಲ್ಲಿ ಅದರ 4.5ನೇ ಆವೃತ್ತಿ ಎಲ್‌ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಡಿಯೂ ದೊರೆಯತೊಡಗಿದ ಮೇಲೆ, ಆ ಪರವಾನಗಿಯ ನಿಬಂಧನೆಗಳನ್ನು ಪಾಲಿಸುವ ಸಣ್ಣ ತಂತ್ರಾಂಶ ತಯಾರಕರು ಶುಲ್ಕ ಕೊಡದೆ, ತಮ್ಮ ಮೂಲ ಸಂಕೇತವನ್ನೂ ಬಿಟ್ಟುಕೊಡದೆ ಅದನ್ನು ಬಳಸಬಹುದಾಯಿತು. ಕ್ಯೂಟಿಯ ಮೂಲ ಭಾಷೆಯಾದ ಸಿ ಪ್ಲಸ್ ಪ್ಲಸ್ ಕಷ್ಟವೆನ್ನುವವರಿಗೆ ಪೈಥಾನ್‌ನಲ್ಲೇ ಕ್ಯೂಟಿ ಬಳಸಿ ಬರೆಯಲು ಪೈಸೈಡ್ ಇದೆ.

ವೆಬ್ ಪುಟ ಬರೆಯಲು ಬಲ್ಲ ಯುವಕರು ಸಾಮಾನ್ಯವಾಗಿ ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಕಡೆಗೆ ವಾಲುತ್ತಾರೆ. ಅದೂ ಮೂರು ವ್ಯವಸ್ಥೆಗಳಲ್ಲಿ ಓಡುತ್ತದೆ, ಕಲಿಯುವುದೂ ಸುಲಭ. ಆದರೆ ಪ್ರತಿಯೊಂದು ತಂತ್ರಾಂಶವೂ ತನ್ನೊಡನೆ ಇಡೀ ಕ್ರೋಮಿಯಂ ಬ್ರೌಸರನ್ನು ಹೊತ್ತು ತರುವುದು, ಒಂದು ಲೋಟ ಚಹಾಕ್ಕಾಗಿ ಹೋಟೆಲ್ಲನ್ನೇ ಬೆನ್ನಿಗೆ ಕಟ್ಟಿಕೊಂಡು ಬಂದಂತೆ. ನಾಲ್ಕು ಜಿಬಿ ಮೆಮೊರಿಯ ಹಳೆಯ ಯಂತ್ರವನ್ನು ಉಳಿಸಿಕೊಳ್ಳುವುದೇ ಉದ್ದೇಶವಾಗಿರುವಾಗ ಈ ಭಾರ ಬೇಡವೆಂದು ನನ್ನ ಅಭಿಪ್ರಾಯ.

ಚೌಕಟ್ಟು ಬಳಸಿದ ಮಾತ್ರಕ್ಕೆ ಕೆಲಸ ಮುಗಿಯದು ಎಂಬುದನ್ನೂ ಹೇಳಬೇಕು. ತೂಕದ ಯಂತ್ರದ ಕೇಬಲ್ ವಿಂಡೋಸ್‌ನಲ್ಲಿ ‘ಕಾಮ್ 3’ ಎಂಬಂಥ ಹೆಸರಿನಲ್ಲಿ ಸಿಕ್ಕರೆ ಲಿನಕ್ಸ್‌ನಲ್ಲಿ ಅದಕ್ಕೆ ಬೇರೆಯೇ ಹೆಸರು. ಲಿನಕ್ಸ್ ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆ ಬೇರೆಯೆಂದೇ ಎಣಿಸುತ್ತದೆ. ‘ಸಿ’ ಡ್ರೈವಿನ ವಿಳಾಸವನ್ನು ಸಂಕೇತದೊಳಗೇ ಬರೆದಿಟ್ಟ ತಂತ್ರಾಂಶ ಅಲ್ಲಿ ಮೊದಲ ದಿನವೇ ಮುಗ್ಗರಿಸುತ್ತದೆ.

ಕನ್ನಡದ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. ಕ್ಯೂಟಿ ಪಠ್ಯವನ್ನು, ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಪದ್ಧತಿಯಾದ ಯೂನಿಕೋಡ್‌ನಲ್ಲೇ ಇಟ್ಟುಕೊಂಡು, ಒತ್ತಕ್ಷರಗಳನ್ನು ಕೂಡಿಸಲು ಹಾರ್ಫ್‌ಬಜ್ ಎಂಬ ಸಿದ್ಧ ಸಂಕೇತಗಳ ಸಂಗ್ರಹವನ್ನು ಬಳಸುತ್ತದೆ. ಆದರೆ ಬರೆಯುವವನು ಅಂಕಣದ ಎತ್ತರವನ್ನು ಇಂಗ್ಲಿಷ್ ಅಕ್ಷರದ ಅಳತೆಗೆ ಬಿಗಿಮಾಡಿಬಿಟ್ಟರೆ ‘ಹತ್ತಿ’ಯ ತ ಒತ್ತು ಕೆಳಗೆ ಕತ್ತರಿಸಿಹೋಗಿ ಪರದೆಯ ಮೇಲೆ ‘ಹತಿ’ ಉಳಿಯುತ್ತದೆ. ಅಕ್ಷರಗಳನ್ನು ಒಂದೊಂದಾಗಿ ಮುದ್ರಿಸುವ ಸಂಕೇತ ಬರೆದರೆ ಲಕ್ಷ್ಮವ್ವ ಎಂಬ ರೈತ ಮಹಿಳೆಯ ಹೆಸರು ಪಟ್ಟಿಯಲ್ಲಿ ‘ಲಕ್‌ಷ್‌ಮವ್‌ವ’ ಎಂದಾಗುತ್ತದೆ. ಪಠ್ಯಕ್ಕೆ ತಕ್ಕಂತೆ ಗುಂಡಿ, ಅಂಕಣಗಳ ಅಳತೆ ತಾನಾಗಿ ಹಿಗ್ಗುವ ವಿನ್ಯಾಸ ವ್ಯವಸ್ಥೆ ಚೌಕಟ್ಟಿನಲ್ಲೇ ಇರುವಾಗ, ಇಂಥವನ್ನು ‘ಕನ್ನಡದ ಸಮಸ್ಯೆ’ ಎಂದು ಗ್ರಾಹಕರಿಗೆ ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಹಳೆಯ ತಂತ್ರಾಂಶಗಳಲ್ಲಿ, ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸುವ ಆಸ್ಕಿ ಫಾಂಟ್‌ಗಳಲ್ಲಿ ಕೂಡಿಟ್ಟ ಹೆಸರುಗಳನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಹೊಸದಕ್ಕೆ ತುಂಬುವುದೂ ಇದೇ ಜಾತಿಯ ಉದಾಸೀನ.

ರಾಯಚೂರು, ಕೊಪ್ಪಳ, ಬಳ್ಳಾರಿಯ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ಕಾಲೇಜುಗಳು ಅಂತಿಮ ವರ್ಷದ ಪ್ರಾಜೆಕ್ಟ್‌ಗಳಲ್ಲಿ ಇಂಥ ಕೆಲಸಕ್ಕೆ ಜಾಗ ಕೊಡಬೇಕು. ಗಂಜ್‌ನ ಒಂದು ಅಂಗಡಿಯ ಆವಕ, ತೂಕ, ಹಮಾಲಿ, ಪಟ್ಟಿಗಳ ಲೆಕ್ಕವನ್ನು ಪೈಸೈಡ್ ಮತ್ತು ದತ್ತಾಂಶ ಕೂಡಿಡುವ ಎಸ್‌ಕ್ಯೂಲೈಟ್‌ನಲ್ಲಿ ಬರೆದು ಎರಡು ವ್ಯವಸ್ಥೆಗಳಲ್ಲಿ ಓಡಿಸಿ ತೋರಿಸುವುದು, ಎಲ್ಲಿಂದಲೋ ಕೊಂಡು ತಂದು ಒಪ್ಪಿಸುವ ಪ್ರಾಜೆಕ್ಟ್‌ಗಿಂತ ಹೆಚ್ಚು ಕಲಿಸುತ್ತದೆ.

ಖರೀದಿಸುವವರ ಕೈಯಲ್ಲೂ ಬಲವಿದೆ. ದಲಾಲಿ ವರ್ತಕರು, ಗಿರಣಿ ಮಾಲೀಕರು, ಸಹಕಾರ ಸಂಘಗಳವರು ಮುಂದಿನ ಬಾರಿ ತಂತ್ರಾಂಶ ಕೊಳ್ಳುವಾಗ, ಅದು ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಓಡಬೇಕು, ದತ್ತಾಂಶ ಯೂನಿಕೋಡ್‌ನಲ್ಲೇ ಇರಬೇಕು ಎಂಬ ಷರತ್ತನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಲಿ. ಲಿನಕ್ಸ್ ಇರುವ ಯಂತ್ರದಿಂದ ಕನ್ನಡ ಪಟ್ಟಿಯೊಂದನ್ನು ಮುದ್ರಿಸಿ ತೋರಿಸಿದ ಮೇಲೆಯೇ ಕೊನೆಯ ಕಂತಿನ ಹಣ ಕೊಡಲಿ.

ಇಂತಿ,
ಓರ್ವ ಓದುಗ, ರಾಯಚೂರು